ಟೈಮಿಂಗ್ ಮುಂದ ಹಾಕ್ರಿ

ಶಂಕರಲಿಂಗ ಕಾಕಾ ಅವರ ಫೋನು ಬಂದಾಗ ನಾನು ಇಚಲಕರಂಜಿಯ ನನ್ನ ಗ್ಯಾರೇಜಿನಲ್ಲಿ ಒಂದು ಟೆಂಪೋದ ಕೆಳಗೆ ಮಲಗಿದ್ದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಸಮಾಧಾನವಾಗುತ್ತಿತ್ತು.

“ಸಮ್ಮೇದ, ನಾಳೆ ಸಂಜೀಕ ಕೊಲ್ಹಾಪುರದ ಗ್ಯಾರೇಜಿನವರು ಗಾಡಿ ಒಯ್ಯಾಕ ಬರತಾರ. ನೀ ಕಟ್ಟಿದ ಎಂಜಿನ್ ತಗದು ಹೊಸಾ ಗಾಡೀದ ಎಂಜಿನ್ ಕುಂದರಸ್ತಾರಂತ. ಹಳೇದು ಬೇಕಾದ್ರ ನೀನ ಒಯ್ಯಿ.”

ಗಡಹಿಂಗ್ಲಜದಲ್ಲಿ ಅವರದು ಬೆಲ್ಲದ ಅಂಗಡಿ. ಗಾಡಿ ಅರವತ್ತೇಳನೇ ಇಸವಿಯ ಫಿಯೆಟ್. ಯಾರ ನೆರವೂ ಇಲ್ಲದೆ ನಾನೊಬ್ಬನೇ ಪೂರ್ತಿ ಬಿಚ್ಚಿ ಕಟ್ಟಿದ ಮೊದಲ ಎಂಜಿನ್ ಅದು. ಪ್ರತಿ ಬೋಲ್ಟನ್ನೂ ಎರಡು ಸಲ ಬಿಗಿದು, ಊಟಕ್ಕೆ ಕೂತವನು ಎದ್ದು ಬಂದು ಮೂರನೇ ಸಲ ನೋಡಿದ್ದೆ.

ಹದಿನೈದು ದಿನದ ಹಿಂದೆ ಗಾಡಿ ಊರಿಗೆ ಹೋಯಿತು. ಏರಿನಲ್ಲಿ ಸ್ವಲ್ಪ ಮಂದ ಎಂದು ಮೊದಲ ದೂರು ಬಂತು. ಕಾರಣ ನನಗೆ ಗೊತ್ತಿತ್ತು. ಹೊಸದಾಗಿ ಕಟ್ಟಿದ ಎಂಜಿನ್ ಬಡಿದುಕೊಂಡೀತೆಂದು ಹೆದರಿ, ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗನ್ನು, ನಾನೇ ಕೊಂಚ ತಡವಾಗಿ ಇಟ್ಟಿದ್ದೆ. ಕಾಕಾ ಅವರ ಗಾಡಿ, ಟ್ರ್ಯಾಕ್ಟರು ನೋಡಿಕೊಳ್ಳುವ ಸಿದ್ರಾಮಣ್ಣನಿಗೆ ಫೋನು ಮಾಡಿ, “ಟೈಮಿಂಗ್ ಒಂದೀಟ ಮುಂದ ಹಾಕ್ರಿ” ಎಂದೆ. ಗಾಡಿ ಇನ್ನೂ ಮಂದವಾಯಿತು. “ಇನ್ನೊಂದೀಟ ಮುಂದ ಹಾಕ್ರಿ” ಎಂದೆ. ಆಮೇಲೆ ಏರಿನಲ್ಲಿ ನೀರು ಕುದಿಯತೊಡಗಿತು.

ಕಾಕಾ ಅವರ ಫೋನು ಬಂದ ಮರುದಿನ ಬೆಳಿಗ್ಗೆ ಗಡಹಿಂಗ್ಲಜದ ಬಸ್ಸು ನಿಪ್ಪಾಣಿ, ಸಂಕೇಶ್ವರ ದಾಟುವವರೆಗೂ ನಾನು ಆ ಎಂಜಿನ್ನನ್ನು ಮನಸ್ಸಿನಲ್ಲೇ ಬಿಚ್ಚುತ್ತಿದ್ದೆ. ಪಿಸ್ಟನ್ನಿನ ರಿಂಗ್ ತಿರುವುಮುರುವು ಹಾಕಿದೆನೇ? ಹೆಡ್ಡಿನ ಗ್ಯಾಸ್ಕೆಟ್ ಕೂರಲಿಲ್ಲವೇ? ನಾಲ್ಕು ವರ್ಷ ಕೊಲ್ಹಾಪುರದ ಸಂಜೆ ತರಗತಿಗೆ ಓಡಾಡಿ ಕಲಿತದ್ದು ಇಷ್ಟೇ ಏನೋ ಅನ್ನಿಸುತ್ತಿತ್ತು.

ಕಾಕಾ ಅಂಗಡಿಗೆ ಹೋಗಿದ್ದರು. ಅವರ ಹೆಂಡತಿ ಚನ್ನವ್ವ ಅಂಗಳದಲ್ಲೇ ಎದುರಾದರು.

“ಬಾರಪಾ. ನಿನ್ನ ಗಾಡಿ ಭಾಳ ಛಲೋ ಐತಿ. ಏರ ಬಂತಂದ್ರ ನಾವು ಇಳದು ನಡಕೋಂತ ಮ್ಯಾಲ ಹೋಗಿ, ಅದರ ದಾರಿ ಕಾಯ್ತೇವಿ.”

ನಗಬೇಕೋ ಬೇಡವೋ ತಿಳಿಯದೆ ಕೈಚೀಲ ಕೆಳಗಿಟ್ಟೆ. ಸಿದ್ರಾಮಣ್ಣ ಬಾನೆಟ್ ಎತ್ತಿ ನಿಂತಿದ್ದ. ಮೊದಲು ನಾಲ್ಕೂ ಸಿಲಿಂಡರಿನ ಒತ್ತಡ ಅಳೆದೆ. ನಾಲ್ಕೂ ಹೆಚ್ಚುಕಡಿಮೆ ಒಂದೇ. ನಂಬದೆ ಇನ್ನೊಮ್ಮೆ ಅಳೆದೆ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಎಣ್ಣೆಯಲ್ಲಿ ನೀರಿಲ್ಲ. ಕಾರ್ಬುರೇಟರ್ ತೆಗೆದು ತೊಳೆದೆ, ಕಸವೂ ಸಿಗಲಿಲ್ಲ. ತಪ್ಪು ಸಿಗದಿದ್ದಷ್ಟೂ ಅದು ಒಳಗೆಲ್ಲೋ ದೊಡ್ಡದಾಗಿ ಕೂತಿದೆ ಎಂದು ನನಗೆ ಖಾತ್ರಿಯಾಗುತ್ತಿತ್ತು.

ಟೈಮಿಂಗ್ ಲೈಟ್ ಹಚ್ಚಿದ್ದು ಕೊನೆಗೆ. ಕಿಡಿ ಹಾರಿದಾಗಲೆಲ್ಲ ಆ ದೀಪ ಮಿಂಚುತ್ತದೆ. ಆ ಮಿಂಚಿನಲ್ಲಿ ತಿರುಗುವ ಪುಲ್ಲಿಯ ಗೀರು ಎಲ್ಲಿದೆ ಎಂದು ಕಾಣುತ್ತದೆ. ಗೀರು ಎಂಜಿನ್ನಿನ ಮೇಲಿನ ಗುರುತನ್ನು ದಾಟಿ ಬಹಳ ದೂರ ಹೋಗಿತ್ತು. ಕಿಡಿ ಅಷ್ಟು ತಡವಾಗಿ ಹಾರುತ್ತಿತ್ತು.

“ಸಿದ್ರಾಮಣ್ಣ, ನಾ ಮುಂದ ಹಾಕ್ರಿ ಅಂದಿದ್ನಲ್ಲ?”

“ಹಾಕೇನಲ್ರಿ ಮಿಸ್ತ್ರಿ. ಎರಡ ಸಲಾ ಹಾಕೇನಿ.”

“ಇದು ಹಿಂದ ಹೋಗೈತ್ರಿ.”

“ಹಿಂದ ಹೆಂಗ ಹೋಗತೈತ್ರಿ? ಮುಂದ ಹಾಕೂದಂದ್ರ ತಡಾ ಮಾಡೂದಲ್ಲೇನು? ನಮ್ಮ ರುತುಜಾನ ಲಗ್ನ ಮುಂದ ಹಾಕಿದ್ರು, ವೈಶಾಖದಾಗ ಇದ್ದದ್ದು ಮಾರ್ಗಶಿರಕ್ಕ ಹೋತು. ಮತ್ತ ಮುಂದ ಹಾಕಿದ್ರು, ಮಾಘಕ್ಕ ಹೋತು.”

ನಾನು ದೀಪ ಆರಿಸಿದೆ. ಕಿಡಿ ಬೇಗ ಹಾರಿಸುವುದಕ್ಕೆ ತರಗತಿಯಲ್ಲಿ ನಮ್ಮ ಸರ್ ಯಾವಾಗಲೂ ಅಡ್ವಾನ್ಸ್ ಎನ್ನುತ್ತಿದ್ದರು. ಅಡ್ವಾನ್ಸ್ ಎಂದರೆ ಸಿದ್ರಾಮಣ್ಣನಿಗೆ ಮೊದಲೇ ಕೊಡುವ ದುಡ್ಡು ಅಷ್ಟೇ ಎಂದುಕೊಂಡು, ಗೊಂದಲವಾಗಬಾರದೆಂದೇ ನಾನು ಮನೆಯ ಮಾತು ಹುಡುಕಿ ಆಡಿದ್ದೆ. ಗಡಿಯಾರ ಮುಂದ ಐತಿ ಎನ್ನುತ್ತೇವಲ್ಲ, ಆ ಮುಂದ ನನ್ನ ತಲೆಯಲ್ಲಿತ್ತು. ಅವನ ತಲೆಯಲ್ಲಿ ಮಗಳ ಲಗ್ನವಿತ್ತು.

ಸಿದ್ರಾಮಣ್ಣ ಮನೆಯ ಕಡೆ ನೋಡಿ ದನಿ ತಗ್ಗಿಸಿದ. “ಬೋಲ್ಟ್ ಸಡ್ಲ ಆಗಿತ್ತು ಅಂತ ಹೇಳೂಣೇನ್ರಿ ಮಾಲಕರಿಗೆ? ಇಬ್ರೂ ಪಾರಾಗ್ತೀವಿ.”

“ಮೊದಲ ಗಾಡಿ ಏರ ಹತ್ತಲಿ” ಎಂದೆ.

ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಅದನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ. ಗೀರು ಗುರುತಿನ ಹತ್ತಿರ ಬಂದಂತೆ ಎಂಜಿನ್ನಿನ ಉಸಿರು ಸರಾಗವಾಯಿತು. ನಿಂತಲ್ಲೇ ಅದರ ಓಟ ಹೆಚ್ಚಿತು, ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಇಳಿಸಿದೆ. ಅಷ್ಟರಲ್ಲಿ ಶಂಕರಲಿಂಗ ಕಾಕಾ ಊಟಕ್ಕೆ ಬಂದರು. ಎಂಜಿನ್ನಿನ ಸದ್ದು ಕೇಳಿ ನೇರ ಸ್ಟಿಯರಿಂಗ್ ಹಿಡಿದು ಕೂತರು. ಭಾರ ಇರಲೆಂದು ಚನ್ನವ್ವನನ್ನೂ ಸಿದ್ರಾಮಣ್ಣನನ್ನೂ ಹಿಂದೆ ಕೂರಿಸಿದೆ.

ನೇಸರಿ ರಸ್ತೆಯ ಏರಿನ ಬುಡದಲ್ಲಿ ಚನ್ನವ್ವ ಇಳಿಯಲು ಬಾಗಿಲಿಗೆ ಕೈ ಹಾಕಿದರು. “ಕೂತಿರ್ರಿ ಕಾಕೂ” ಎಂದೆ. ಗಾಡಿ ಮೂರನೇ ಗೇರಿನಲ್ಲೇ ಹತ್ತತೊಡಗಿತು. ಅರ್ಧ ದಾರಿಯಲ್ಲಿ, ಕಿಡಿ ತುಸು ಬೇಗವಾದರೆ ಬರುವ ಟಿಕಿಟಿಕಿ ಸದ್ದು ಸಣ್ಣಗೆ ಕೇಳಿತು. ಬೇರೆ ಯಾರಿಗೂ ಕೇಳಿರಲಿಕ್ಕಿಲ್ಲ. ಗಾಡಿ ನಿಲ್ಲಿಸಲು ಹೇಳಿ, ಟೈಮಿಂಗನ್ನು ಒಂದೆಳೆ ತಗ್ಗಿಸಿ, ಮತ್ತೆ ಬುಡದಿಂದ ಹತ್ತಿಸಿದೆ. ಈ ಸಲ ಸದ್ದಿಲ್ಲ. ನೀರಿನ ಬಿಸಿ ತೋರಿಸುವ ಮುಳ್ಳು ಅರ್ಧಕ್ಕೆ ನಿಂತಿತು.

ಏರಿನ ನೆತ್ತಿಯಲ್ಲಿ ಕಾಕಾ ಬದಿಗೆ ನಿಲ್ಲಿಸಿ, “ಏನಾಗಿತ್ತು?” ಎಂದರು.

ಹಿಂದಿನ ಸೀಟಿನಲ್ಲಿ ಸಿದ್ರಾಮಣ್ಣ ಕೆಮ್ಮಿದ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಮೊದಲು ಟೈಮಿಂಗ್ ತಡವಾಗಿಟ್ಟಿದ್ದು ನಾನು, ಆಮೇಲೆ ತಪ್ಪು ಮಾತು ಆಡಿದ್ದೂ ನಾನೇ, ಅವನು ನಾನು ಹೇಳಿದ್ದನ್ನೇ ಮಾಡಿದ ಎಂದೆ.

“ಅಂದ್ರ ಎಂಜಿನ್ನಿಗೆ ಏನೂ ಆಗಿಲ್ಲ?”

“ಇಲ್ರಿ ಕಾಕಾ.”

“ನಿಮಗಿಬ್ಬರಿಗೂ ಕನ್ನಡ ಬರ್ತೈತಿ ಅಂತ ತಿಳದಿದ್ದೆ. ಅದು ನಂದ ತಪ್ಪು ಬಿಡು.”

ಚನ್ನವ್ವ ಸೆರಗು ಬಾಯಿಗಿಟ್ಟು ನಕ್ಕರು. ಕಾಕಾ ಕೊಲ್ಹಾಪುರಕ್ಕೆ ಫೋನು ಹಚ್ಚಿ ಮರಾಠಿಯಲ್ಲಿ, ಗಾಡಿ ಒಯ್ಯಲು ಬರಬೇಡಿ, ಹಳೆಯ ಎಂಜಿನ್ನೇ ಇರುತ್ತದೆ ಎಂದರು. ಆ ಕಡೆಯವರು ಏನೋ ಬಹಳ ಹೊತ್ತು ಹೇಳಿದರು. ಕಾಕಾ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು.

“ಮತ್ತೇನರ ಆದ್ರ ಜವಾಬ್ದಾರಿ ಯಾರದು ಅಂತ ಕೇಳಾಕತ್ತಾನ.”

“ನಂದು ಅನ್ರಿ” ಎಂದೆ. ಅಂದ ಮೇಲೆ ಒಮ್ಮೆ ನೀರಿನ ಬಿಸಿಯ ಮುಳ್ಳಿನ ಕಡೆ ನೋಡಿದೆ.