ದೇವರ ಕೆರೆ

ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಗೋಡೆಗೆ ಸಿಕ್ಕಿಸಿದ ಮಾದರಿ ಕಾರ್ಡುಗಳು ಪಟಪಟ ಬಡಿದುಕೊಳ್ಳುತ್ತವೆ, ಗಣಪತಿ, ಕಳಶ, ಬಾಗಿಲು ತೆರೆದರೆ ಒಳಗೆ ಇನ್ನೊಂದು ಬಾಗಿಲಿರುವ ಅರಮನೆ ಕಾರ್ಡು, ಯಾರೋ ಯಶಶ್ರೀ, ಅವಳಿಗೊಬ್ಬ ವರ, ಶುಭ ಮುಹೂರ್ತ ಬೆಳಗ್ಗೆ ಒಂಬತ್ತು ಹದಿನೈದರಿಂದ ಹತ್ತು ಐದರವರೆಗೆ, ನೋಡಿ, ನಿಮಿಷ ಸಮೇತ, ಈ ಸುಲ್ತಾನ್‌ಪೇಟೆಯಲ್ಲಿ ಎಲ್ಲರಿಗೂ ಒಂದು ತಾರೀಖಿದೆ, ತಾರೀಖಿಲ್ಲದವರ ಹೆಸರು ಇಲ್ಲಿ ಅಚ್ಚಾಗುವುದೇ ಇಲ್ಲ — ವಿನುತಾ ಬ್ಲೇಡಿನ ಮೂಲೆಯನ್ನು ಕಾರ್ಡಿನ ಮೇಲಿಟ್ಟು ಉಸಿರು ಬಿಗಿಹಿಡಿದು ಕೆರೆದಳು, ಮೆಲ್ಲಗೆ, ಕಾಗದ ಹರಿಯದ ಹಾಗೆ, ಕ ಅಕ್ಷರದ ತಲೆಯ ಮೇಲಿನ ಆ ಸಣ್ಣ ಎತ್ವ ಪುಡಿಯಾಗಿ ಉದುರಿತು, ಉಫ್ ಎಂದು ಊದಿದಳು, ನಲವತ್ತೊಂದಾಯಿತು, ಇನ್ನೂ ಇನ್ನೂರ ಒಂಬತ್ತು. ದೇವರ ಕೆರೆಗೆ ಓಗೊಟ್ಟು ಸಭಾಪಾಲಕ ದೀಕ್ಷೆ ಪಡೆಯಲಿರುವ ನಮ್ಮ ಸಭೆಯ ಶ್ರೀ ಸ್ವರೂಪ್. ದೇವರ ಕೆರೆಗೆ! ಕರೆ ಅಲ್ಲ, ಕೆರೆ. ಬೆಂಗಳೂರಿನಲ್ಲಿ ಇದ್ದಬದ್ದ ಕೆರೆಗಳನ್ನೆಲ್ಲ ಮುಚ್ಚಿ ಬಸ್‌ಸ್ಟ್ಯಾಂಡು ಮಾಡಿಯಾಯಿತು, ಉಳಿದದ್ದು ದೇವರದೊಂದು, ಅದಕ್ಕೆ ಹುಡುಗ ಓಗೊಟ್ಟು ಹೊರಟಿದ್ದಾನೆ, ಈಗ ಅವಳು ಈ ಕೆರೆಯನ್ನು ಕೆರೆದು ಕೆರೆದು ಕರೆ ಮಾಡಬೇಕು, ಒಂದಲ್ಲ ಎರಡಲ್ಲ, ಇನ್ನೂರೈವತ್ತು ಸಲ, ಅದೂ ಇನ್ನೊಬ್ಬರ ಕರೆ. ಫೋನನ್ನು ಮೊಣಕಾಲಿನ ಮೇಲೆ ಬೋರಲು ಹಾಕಿಕೊಂಡಿದ್ದಾಳೆ. ಅವಳ ಅರ್ಜಿ ನೋಡಲು ಮೂರು ಗಂಟೆಗೆ ಚರ್ಚಿನ ಕಮಿಟಿ ಕೂರುತ್ತದೆ ಅಂದಿದ್ದರು, ಈಗ ಮೂರೂಕಾಲು.

ನಮ್ದೇನ್ ತಪ್ಪಿಲ್ಲ ಮೇಡಂ, ಅಂದ ಶೀನಣ್ಣ ಕೌಂಟರಿನ ಆಚೆಯಿಂದ, ಅಂಗಡಿಯ ಮಾಲೀಕ, ಬೆಳಗಿನಿಂದ ಇದು ನಾಲ್ಕನೇ ಸಲ ಅನ್ನುತ್ತಿದ್ದಾನೆ, ನೀವ್ ಬರ್ದಂಗೇ ಹಾಕಿದೀವಿ, ಪ್ರೂಫ್ ವಾಟ್ಸಾಪ್ ಮಾಡಿದ್ವಿ, ನೀವೇ ಹೆಬ್ಬೆಟ್ ಒತ್ತಿದ್ರಿ. ಒತ್ತಿದ್ದು ನಿಜ. ಓದದೆ ಒತ್ತಿದಳು, ಸ್ವರೂಪನ ಹೆಸರಿನ ಹಿಂದೆ ದೀಕ್ಷೆ ಎಂಬ ಪದ ಕಂಡಾಗ ಕಣ್ಣು ಮುಂದಕ್ಕೆ ಹೋಗಲಿಲ್ಲ, ಸರಿ ಹೋಗಲಿ ಅಂತ ಹಳದಿ ಹೆಬ್ಬೆರಳು ಕಳಿಸಿ ಫೋನು ಮುಚ್ಚಿಟ್ಟಳು, ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚು, ಏನೀಗ? ಕಂಪ್ಯೂಟರಿನ ಮುಂದೆ ಕೂತ ರಾಮಾನುಜ, ಅಕ್ಷರ ಜೋಡಿಸುವವನು, ಕುರ್ಚಿ ತಿರುಗಿಸಿ, ಕೆರೆ ಅಂತಾನೇ ಇತ್ತು ಮೇಡಂ, ನಿಮ್ ಕಡೆ ನೀರಲ್ಲಿ ಮುಳುಗ್ಸ್ತಾರಲ್ಲ, ಅದಕ್ಕೇನಾದ್ರೂ ಕೆರೆ ಇರ್ಬೇಕು ಅನ್ಕೊಂಡೆ, ಅಂದ. ಬೆಳಗ್ಗೆ ಅವನ ಮೇಲೆ ಹಾರಿಬಿದ್ದಾಗ ಅವನು ಅವಳದೇ ಕೈಬರಹದ ಕಾಗದ ತಂದು ಕೌಂಟರಿನ ಮೇಲಿಟ್ಟಿದ್ದ, ಅದು ಇನ್ನೂ ಅಲ್ಲೇ ಇದೆ, ಪೇಪರ್‌ವೇಟಿನ ಕೆಳಗೆ. ದೇವರ ಕರೆ ಅಂತಲೇ ಬರೆದಿದ್ದಾಳೆ, ದುಂಡಗೆ, ಆದರೆ ಕ ಅಕ್ಷರದ ತಲೆಯ ಮೇಲೆ ಒಂದು ಕಂದು ಚುಕ್ಕೆ, ಬಾಲ ಬಿಟ್ಟುಕೊಂಡು ಬಲಕ್ಕೆ ಬಾಗಿದೆ, ಯಾರು ನೋಡಿದರೂ ಕೆ ಅಂತಲೇ ಓದುವುದು. ಬಾಳೆಗೊನೆಯ ಸೊನೆ, ಮಂಡಿಯಲ್ಲಿ ಆ ಕಲೆಗೂ ಕರೆ ಅಂತಲೇ ಅನ್ನುತ್ತಾರೆ. ಮಂಗಳವಾರ ಬೆಳಗ್ಗೆ ಕಲಾಸಿಪಾಳ್ಯದ ಮಂಡಿಯಲ್ಲಿ ಪಚ್ಚಬಾಳೆಯ ಚಿಪ್ಪು ಬಿಡಿಸುತ್ತಾ ನಡುವೆ ಬರೆದದ್ದು, ಅಯ್ಯನವರು, ಸಭೆಯ ಪಾಸ್ಟರು, ಅರ್ಜೆಂಟು ಮಾಡಿದರು, ವಿನುತಾ, ನೀನೇ ಬರ್ದ್ಬಿಡಮ್ಮ, ನಿನ್ ಕನ್ನಡ ಚೆನ್ನಾಗಿದೆ. ಅವಳ ಕನ್ನಡ ಚೆನ್ನಾಗಿದೆ, ಅವಳ ಕೈಬರಹ ಚೆನ್ನಾಗಿದೆ, ಅವಳ ದನಿ ಚೆನ್ನಾಗಿದೆ, ಆಲ್ಟರಿಗೆ ಹೂ ಇಡುವುದು, ಸಂಡೆ ಸ್ಕೂಲು, ಸಾವಿನ ಮನೆಯಲ್ಲಿ ಹಾಡು, ಅಯ್ಯನವರಿಗೆ ಕೆಮ್ಮು ಬಂದ ಭಾನುವಾರ ಪ್ರಸಂಗ, ಎಲ್ಲ ಚೆನ್ನಾಗಿದೆ, ಚಾಮರಾಜಪೇಟೆಯ ಇಡೀ ಚರ್ಚೇ ಹೇಳುತ್ತದೆ.

ಸ್ವರೂಪ್ ಒಳ್ಳೆಯವನೇ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣ ಸಿಕ್ಕರೆ ಎಷ್ಟು ಹಾಯಾಗಿರುತ್ತಿತ್ತು, ಇಪ್ಪತ್ತೇಳು ವರ್ಷ, ಸಂಡೆ ಸ್ಕೂಲಿನಲ್ಲಿ ಹತ್ತು ಆಜ್ಞೆಗಳಲ್ಲಿ ಯಾವಾಗಲೂ ಏಳನೆಯದನ್ನು ಮರೆಯುತ್ತಿದ್ದ, ವ್ಯಭಿಚಾರ ಅಂದ್ರೇನ್ ಮಿಸ್ ಅಂತ ಕೇಳಿ ಇಡೀ ಕ್ಲಾಸನ್ನು ನಗಿಸಿದವನು, ಈಗಲೂ ಅಕ್ಕಾ ಅಕ್ಕಾ ಅಂತ ಹಿಂದೆಯೇ ಸುತ್ತುತ್ತಾನೆ, ಕಾರ್ಡು ನೀವೇ ನೋಡ್ಕೊಳ್ಳಿ ಅಕ್ಕ, ನಿಮ್ ಕೈ ಬಿದ್ರೆ ಒಳ್ಳೇದಾಗುತ್ತೆ. ಬಿತ್ತು ನೋಡಪ್ಪ ಕೈ. ಕಮಿಟಿಯ ಮುಂದೆ ಅವನಿಗೆ ನಿನ್ನ ಕರೆ ಹೇಗೆ ಬಂತು ಅಂತ ಕೇಳಿದಾಗ ನೈಸ್ ರೋಡಿನಲ್ಲಿ ಬೈಕು ಜಾರಿದ್ದು, ಲಾರಿ ಒಂದು ಗೇಣು ದೂರದಲ್ಲಿ ನಿಂತದ್ದು, ಯಾರೋ ಭುಜ ಹಿಡಿದು ಎಬ್ಬಿಸಿದ ಹಾಗಾದದ್ದು ಎಲ್ಲ ಹೇಳಿದನಂತೆ, ಕಮಿಟಿಯ ಇಬ್ಬರು ಕಣ್ಣೊರೆಸಿಕೊಂಡರಂತೆ. ಅವಳಿಗೆ ಲಾರಿ ಬರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಓದಬೇಕಾದವರು ಬರಲಿಲ್ಲ, ಇವಳು ಎದ್ದು ಹೋಗಿ ಓದಿದಳು, ಓದುತ್ತಾ ಓದುತ್ತಾ ಇದೇ ನನ್ನ ಕೆಲಸ ಅನ್ನಿಸಿತು, ಅಷ್ಟೇ, ಪಕ್ಕದ ಕಿಟಕಿಯಲ್ಲಿ ಪಾರಿವಾಳ ಕೂಡ ಹಾರಲಿಲ್ಲ. ಅಷ್ಟೇನಾ, ಅಂದಿದ್ದರು ಕಮಿಟಿಯವರು. ಅಷ್ಟೇ ಸಾರ್, ಅಂದಿದ್ದಳು. ಆಮೇಲೆ, ವಿನುತಾ ಅಂದ್ರೆ, ನಿಮ್ ಕ್ರೈಸ್ತ ಹೆಸರು? ಅದೇ ನನ್ ಹೆಸರು ಸಾರ್, ಅಜ್ಜ ಮುನಿಗಂಗಪ್ಪನ ಕಾಲದಿಂದ ನಾವು ಚರ್ಚಿಗೆ ಬರೋರು, ದೇವರು ಹೆಸರು ಬದಲಾಯಿಸ್ಕೊಂಡ್ ಬಾ ಅನ್ಲಿಲ್ಲ. ಆ ಮಾತು ಆಡಬಾರದಿತ್ತು ಅಂತ ಅಯ್ಯನವರು ಮೂರು ದಿನ ಬೇಜಾರು ಮಾಡಿಕೊಂಡರು. ಐವತ್ತೆರಡು, ಐವತ್ತಮೂರು, ಈ ಕಾರ್ಡಿನಲ್ಲಿ ಎತ್ವದ ಜೊತೆ ತಲೆಕಟ್ಟೂ ಕಿತ್ತುಬಂತು, ಥತ್, ಪೆನ್ನಿನಿಂದ ತಿದ್ದಬೇಕು.

ಮಾಗಬೇಕು. ಆ ಪದ ಕೇಳಿದರೆ ಮೈ ಉರಿಯುತ್ತದೆ, ಬಾಳೆಮಂಡಿಯಲ್ಲಿ ಹುಟ್ಟಿ ಬೆಳೆದವಳಿಗೆ ಮಾಗುವುದನ್ನು ಕಲಿಸಲು ಬರುತ್ತಾರೆ ಇವರು! ಇಪ್ಪತ್ತನಾಲ್ಕರಲ್ಲಿ ದೀಕ್ಷೆಗೆ ಮೊದಲ ಅರ್ಜಿ, ಇನ್ನೂ ಎಳೇ ವಯಸ್ಸಮ್ಮ, ಮಾಗಬೇಕು, ಅಂದರು. ಮೂವತ್ತೊಂದರಲ್ಲಿ, ಮದುವೆ ಒಂದು ಆಗ್ಲಿ, ಯಾವ ಊರಿಗೆ ಹೋಗ್ತೀಯೋ ಏನೋ. ಮೂವತ್ತೇಳರಲ್ಲಿ, ಒಂಟಿ ಹೆಣ್ಣುಮಗಳು, ಹಳ್ಳಿ ಸಭೆಗೆ ಹೆಂಗ್ ಕಳ್ಸೋದು. ನಲವತ್ತೊಂದರಲ್ಲಿ ಅದೇ ಟೇಬಲ್ಲು, ಅದೇ ಗೋಡಂಬಿ ಬಿಸ್ಕತ್ತು, ಕನ್ನಡಕದವರೊಬ್ಬರು ಫೈಲು ನೋಡಿ ನಿಟ್ಟುಸಿರು ಬಿಟ್ಟು ಅಂದರು, ವಯಸ್ಸಾಗೋಯ್ತಲ್ಲಮ್ಮ, ಇನ್ನೆಷ್ಟು ವರ್ಷ ಸೇವೆ ಮಾಡ್ತೀಯ. ಮೊದಲು ಕಾಯಿ ಅಂದರು, ಆಮೇಲೆ ಕೊಳೆತಿದೆ ಅಂದರು, ಹಣ್ಣಾಗಿದ್ದು ಯಾವತ್ತು? ಅಪ್ಪ ಮುನಿರಾಜ್ ಇದ್ದಿದ್ದರೆ ಟೇಬಲ್ಲಿನ ಮುಂದೆ ನಿಂತು ಕೇಳುತ್ತಿದ್ದ. ಮಂಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗೊನೆಗಳನ್ನು ಜೋಡಿಸಿ, ಬಾಗಿಲಿನ ಸಂದಿಗೆ ಮಣ್ಣು ಮೆತ್ತಿ ಹೊಗೆ ಹಾಕುತ್ತಿದ್ದ, ಮೂರನೇ ಬೆಳಗ್ಗೆ ಬಾಗಿಲು ತೆಗೆದು ಕೈಯಾಡಿಸಿ ಅನ್ನುತ್ತಿದ್ದ, ಕಾಯ್ಗೂ ಹಣ್ಣಿಗೂ ಮಧ್ಯ ಒಂದಿನ ಇರುತ್ತೆ ಮಗಳೇ, ಆ ದಿನ ಕಣ್ಣಿಗ್ ಕಾಣ್ದೇ ಇದ್ರೆ ಮಂಡಿ ಇಟ್ಕೊಂಡ್ ಏನ್ ಬಂತು, ಬಾಗ್ಲು ತೆಗೀದೇ ಇದ್ದೋನ್ ತಪ್ಪು, ಹಣ್ಣಿಂದಲ್ಲ. ಹಣ್ಣಿಂದಲ್ಲ. ಇಪ್ಪತ್ತು ವರ್ಷ ಹೊಗೆ ಕುಡಿಯುತ್ತಾ ಒಳಗೆ ಕೂತಿದ್ದಾಳೆ, ಬಾಗಿಲು ತೆಗೆಯುವವರು ಹೊರಗೆ ಬಿಸ್ಕತ್ತು ತಿನ್ನುತ್ತಿದ್ದಾರೆ. ತಾಳಿದವನು ಬಾಳಿಯಾನು, ಅನ್ನುತ್ತಾರೆ ಅಯ್ಯನವರು ಪ್ರತಿ ಸಲ, ಗಾದೆ ಹೇಳಿದ ಮೇಲೆ ಅವರಿಗೆ ಸಮಾಧಾನವಾಗುತ್ತದೆ. ತಾಳಿದ ಬಾಳೆ ಏನಾಗುತ್ತದೆ ಅಂತ ಮಂಡಿಗೆ ಬಂದು ನೋಡಲಿ, ನೊಣ ತೋರಿಸುತ್ತೇನೆ.

ಅವಳೊಬ್ಬಳ ಮಾತಾದರೆ ಸಹಿಸಬಹುದಿತ್ತು, ಮಾವಳ್ಳಿಯ ದಾಕ್ಷಾಯಣಮ್ಮನಿಗೆ ಏನು ಹೇಳುವುದು. ಎಂಬತ್ತಾರು, ಹಣ್ಣು ಹಣ್ಣು ಮುದುಕಿ, ಹಾಸಿಗೆ ಹಿಡಿದು ಎರಡು ವರ್ಷ, ಶನಿವಾರ ಶನಿವಾರ ವಿನುತಾ ಹೋಗಿ ಗಂಜಿ ಕುಡಿಸಿ, ಕೀರ್ತನೆ ಓದಿ, ಕಾಲು ಒತ್ತಿ ಬರುತ್ತಾಳೆ. ಎಲ್ಲ ಮಾಡಬಹುದು, ರೊಟ್ಟಿ ಮುರಿದು ಕೊಡುವಂತಿಲ್ಲ, ಪಾತ್ರೆ ಎತ್ತುವಂತಿಲ್ಲ, ಕರ್ತನ ಭೋಜನಕ್ಕೆ ದೀಕ್ಷೆಯಾದ ಕೈಯೇ ಬೇಕು. ಅಯ್ಯನವರು ಟ್ರಾಫಿಕ್ಕು ಅನ್ನುತ್ತಾರೆ, ಮಂಡಿನೋವು ಅನ್ನುತ್ತಾರೆ, ಎರಡನೇ ಮಹಡಿ, ಲಿಫ್ಟಿಲ್ಲ, ಬಂದು ಏಳು ತಿಂಗಳಾಯಿತು. ಯಾರನ್ನಾದ್ರೂ ಕರ್ಕೊಂಡ್ ಬರ್ಲಾ ಅಜ್ಜಿ, ಬೇರೆ ಸಭೆ ಪಾಸ್ಟರ್ ಇದಾರೆ, ಅಂದರೆ ಮುದುಕಿ ತಲೆ ಅಲ್ಲಾಡಿಸುತ್ತಾಳೆ, ಬೇಡ ಕಣೆ, ನೀನು ದೀಕ್ಷೆ ಬಟ್ಟೆ ಹಾಕ್ಕೊಂಡ್ ಬಾ, ನಿನ್ ಕೈಯಿಂದ್ಲೇ ತಗೋತೀನಿ, ಅಲ್ಲೀಗಂಟ ನಾನೆಲ್ಲೂ ಹೋಗಲ್ಲ. ಎಂಥ ಹಟ! ಕಳೆದ ಶನಿವಾರ ಗಂಜಿ ಎರಡು ಚಮಚಕ್ಕಿಂತ ಹೆಚ್ಚು ಇಳಿಯಲಿಲ್ಲ. ಹೋಗಲ್ಲ ಅಂದವಳ ಕೈ ಹಿಡಿದರೆ ಎಲೆಯಷ್ಟು ತೂಕ. ಇತ್ತ ಇವಳಿಗೆ ಜೂನಿಗೆ ನಲವತ್ತೈದು ತುಂಬುತ್ತದೆ, ನಲವತ್ತೈದು ತುಂಬಿದವರ ಅರ್ಜಿಯನ್ನು ಕಮಿಟಿ ತೆಗೆದುಕೊಳ್ಳುವುದಿಲ್ಲ, ನಿಯಮ, ಅಚ್ಚಾಗಿದೆ, ಅದರಲ್ಲಿ ಅಕ್ಷರದೋಷವಿಲ್ಲ. ಹಾಗಾಗಿ ಇವತ್ತು ಹೌದು ಅಂದರೆ ಹೌದು, ಇಲ್ಲ ಅಂದರೆ ಇನ್ನೆಂದೂ ಇಲ್ಲ. ಮೂರೂವರೆ. ರಾಹುಕಾಲ ಮೂರಕ್ಕೇ ಕಳೀತು ಮೇಡಂ, ಒಳ್ಳೇ ಸುದ್ದಿ ಬರುತ್ತೆ, ಅಂದ ಶೀನಣ್ಣ, ಇವನಿಗೆ ಯಾರು ಹೇಳಿದರು, ಅವಳ ಮುಖವೇ ಹೇಳಿರಬೇಕು. ಕೌಂಟರಿನ ಮೇಲೆ ಆ ಕಾಗದ, ಕ, ತಲೆಯ ಮೇಲೆ ಚುಕ್ಕೆ. ನೋಡಬಾರದು ಅಂದುಕೊಂಡು ಮತ್ತೆ ನೋಡಿದಳು.

ಫೋನು ಮೊಣಕಾಲಿನ ಮೇಲೆ ನಡುಗಿತು, ಅಯ್ಯನವರು, ಬ್ಲೇಡು ಹಿಡಿದ ಕೈಯಲ್ಲೇ ಎತ್ತಿಕೊಂಡಳು. ಕಾರ್ಡ್ ಬಂತೇನಮ್ಮ. ಬಂತು ಅಯ್ಯನವರೇ. ಚೆನ್ನಾಗಿದೆಯಾ. ಚೆನ್ನಾಗಿದೆ. ಸಂಜೆ ಒಳಗೆ ತಂದ್ಬಿಡು, ಭಾನುವಾರ ಅಂದ್ರೆ ಇನ್ನೇನು ಮೂರೇ ದಿನ. ಕೆಮ್ಮಿದರು, ಆ ಕೆಮ್ಮು ಅವಳಿಗೆ ಗೊತ್ತು, ಅದು ಗಂಟಲಿನದಲ್ಲ. ಕಮಿಟಿ ಮುಗೀತು, ಎಲ್ರೂ ನಿನ್ ಬಗ್ಗೆ ಬಹಳ ಒಳ್ಳೇ ಮಾತಾಡಿದ್ರು — ಆಯಿತು, ಅಲ್ಲಿಗೆ ಮುಗಿಯಿತು, ಒಳ್ಳೆಯ ಮಾತು ಮೊದಲು ಬಂದರೆ ಹಿಂದೆ ಏನು ಬರುತ್ತದೆ ಅಂತ ಅವಳಿಗೆ ಗೊತ್ತು — ಇನ್ನೊಂದೇ ಒಂದ್ ವರ್ಷ ಕಾಯಿ ಮಗಳೇ. ಕಾಯಿ. ನಲವತ್ತನಾಲ್ಕು ವರ್ಷ ಹನ್ನೊಂದು ತಿಂಗಳ ಕಾಯಿ. ಜೂನಿಗೆ ನಂಗೆ ನಲವತ್ತೈದು ಅಯ್ಯನವರೇ, ಅಂದಳು. ಆ ಕಡೆ ಕಾಗದ ಸರಿದ ಸದ್ದು, ಯಾರದೋ ಕಪ್ಪು ಸಾಸರಿನ ಮೇಲೆ ಕೂತ ಸದ್ದು, ಹೌದಾ, ಅಂದರು ಅಯ್ಯನವರು, ಹೌದಲ್ವಾ, ಅದನ್ನ ಯಾರೂ ನೋಡ್ಲೇ ಇಲ್ವಲ್ಲಮ್ಮ. ಯಾರೂ ನೋಡಲಿಲ್ಲ. ಬೇಡ ಅನ್ನಲೂ ಇಲ್ಲ, ದ್ವೇಷವೂ ಇಲ್ಲ, ನೋಡಲಿಲ್ಲ, ಅಷ್ಟೇ. ಅವಳ ದನಿ ಏರಲಿಲ್ಲ, ಹತ್ತೊಂಬತ್ತರಲ್ಲಿ ಪಾಠ ಓದಿದ ದಿನದ ಹಾಗೆ ನೆಟ್ಟಗೆ ನಿಂತಿತು, ಕಮಿಟಿಯವ್ರು ಎದ್ದೋದ್ರಾ ಅಯ್ಯನವರೇ. ಇಲ್ಲ, ಒಳಗೆ ಟೀ ಕುಡೀತಿದಾರೆ. ಹಾಗಾದ್ರೆ ಒಂದು ಕೇಳ್ಕೊಂಡ್ ಬನ್ನಿ, ಮೊದ್ಲು ಕಾಯಿ ಅಂದ್ರಿ, ಆಮೇಲೆ ವಯಸ್ಸಾಯ್ತು ಅಂದ್ರಿ, ನಾನು ಹಣ್ಣಾಗಿದ್ದು ಯಾವತ್ತು, ತಾರೀಖು ಹೇಳಕ್ಕೆ ಹೇಳಿ, ಬರ್ಕೋತೀನಿ. ವಿನುತಾ, ಏನಮ್ಮ ಇದು, ಅಂದರು. ಈಗಲೇ ಕೇಳಿ, ನಾನು ಲೈನಲ್ಲೇ ಇರ್ತೀನಿ. ರಾಮಾನುಜನ ಕೀಬೋರ್ಡು ನಿಂತಿತು. ಶೀನಣ್ಣ ಬಾಯಿಗಿಟ್ಟ ನೀರನ್ನು ನುಂಗಲಿಲ್ಲ. ಆ ಕಡೆ ಕುರ್ಚಿ ಎಳೆದ ಸದ್ದು, ಅಯ್ಯನವರ ಮಂಡಿನೋವಿನ ಹೆಜ್ಜೆ, ಒಂದು, ಇನ್ನೊಂದು, ಒಂದು ಬಾಗಿಲು. ಬಾಗಿಲು ತೆಗೆದರೋ ಮುಚ್ಚಿದರೋ ಫೋನಿನಲ್ಲಿ ಗೊತ್ತಾಗುವುದಿಲ್ಲ, ಕಿವಿ ಒತ್ತಿಕೊಂಡು ಕೂತಿದ್ದಾಳೆ, ದಾಕ್ಷಾಯಣಮ್ಮನ ಎರಡು ಚಮಚ ಗಂಜಿ, ಭಾನುವಾರ, ಜೂನು, ಇನ್ನೂ ಕೆರೆಯಬೇಕಾದ ಕಾರ್ಡುಗಳು, ಫ್ಯಾನು ಈ ಕಡೆ ತಿರುಗಿತು, ಗೋಡೆಯ ತಾರೀಖುಗಳೆಲ್ಲ ಪಟಪಟ ಬಡಿದುಕೊಂಡವು, ಪೇಪರ್‌ವೇಟಿನ ಕೆಳಗೆ ಆ ಕಾಗದ ಒಂದು ತುದಿ ಎತ್ತಿ ಮತ್ತೆ ಮಲಗಿತು, ಅವಳು ಹೆಬ್ಬೆರಳನ್ನು ಒಯ್ದು ಆ ಕಂದು ಚುಕ್ಕೆಯ ಮೇಲಿಟ್ಟಳು, ಸರಿಯಾಗಿ ಕೂತಿತು, ಅವಳದೇ ಬೆರಳು, ಅವಳದೇ ಬಾಳೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ ಅಂತ ಮಂಡಿಯಲ್ಲಿ ಎಲ್ಲರಿಗೂ ಗೊತ್ತು, ಅವಳು ಬೆರಳು ತೆಗೆದಳು, ಅಲ್ಲೇ ಇತ್ತು, ಕ, ಅದರ ತಲೆಯ ಮೇಲೆ, ಕರೆಯ ಮೇಲೆ, ಕರೆ.