ಜಯಕರನಿಗೆ ಬಂದ ಸಂಬಂಧ

ಆಟಿ ತಿಂಗಳಲ್ಲಿ ಒಳ್ಳೆಯ ಕೆಲಸಕ್ಕೆ ಕೈಹಾಕಬಾರದು ಅನ್ನುವ ಊರಿನಲ್ಲೇ ಆಟಿಯ ಹೆಸರಿನಲ್ಲಿ ಮೇಳ! ಎರಡು ಸಾವಿರದ ಆರನೇ ಇಸವಿ. ಕಾರ್ಕಳದ ಸಭಾಭವನವೊಂದರಲ್ಲಿ ಒಂದು ಕಡೆ ಓಲೆಯ ಚಾಪೆ ಹೆಣೆಯುವವರು, ಇನ್ನೊಂದು ಕಡೆ ಅಡಿಕೆ ಹಾಳೆಯ ಟೊಪ್ಪಿ ಹೊಲಿಯುವವರು. ನಡುವೆ ಕಾಪುವಿನ ಸುಂದರಿ ಸೈಕಲ್ ಹತ್ತಿ ಪೆಡಲ್ ತುಳಿಯುತ್ತ, ಕರೆಂಟಿಲ್ಲದೆ ಪತ್ರೊಡೆಯ ಅಕ್ಕಿ ಅರೆದು ತೋರಿಸುತ್ತಿದ್ದಳು. ಹಿಂದಿನ ಚಕ್ರಕ್ಕೆ ಪಟ್ಟಿ ಕಟ್ಟಿ ಅರೆಯುವ ಕಲ್ಲು ತಿರುಗುವಂತೆ ಮಾಡಿದವನು ಅವಳ ತಮ್ಮ ಜಯಕರ. ಅವನು ಕಾಮಾಲೆಯಾಗಿ ತೀರಿಹೋಗಿ ಮೂರು ವರ್ಷವಾಗಿತ್ತು.

ತೀರಿಹೋದ ಅಂದರೆ ಸುಂದರಿ ಒಪ್ಪಬೇಕಲ್ಲ! ಸಂಜೆ ದೀಪ ಹಚ್ಚುವ ಹೊತ್ತಿಗೆ ಚಾವಡಿಯಲ್ಲಿ ಈ ಸೈಕಲ್ ತನ್ನಷ್ಟಕ್ಕೆ ಕಿರ್ರೆನ್ನುತ್ತಿತ್ತು. ಅಮ್ಮ ಹೆದರಿ ದೇವರ ಕೋಣೆ ಸೇರುತ್ತಿದ್ದಳು. ಸುಂದರಿ ಮಾತ್ರ "ಬಂದೆಯಾ ಮಗಾ" ಎಂದು ಎದುರು ಕೂತು ಅಂದಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅವನ ಓದಿಗಾಗಿ ತನ್ನ ಮದುವೆಯನ್ನೇ ಬೇಡವೆಂದವಳು. ಊರವರು ಬಿಡಬೇಕೇ? ಮದುವೆಯಾಗದೆ ಸತ್ತವನು ಅಲೆಯುತ್ತಾನೆ, ಹಾಗೆಯೇ ಹೋದ ಹೆಣ್ಣೊಬ್ಬಳನ್ನು ಹುಡುಕಿ ಪ್ರೇತಮದುವೆ ಮಾಡಿಸಿ, ಆಮೇಲೆ ನಿಮ್ಮನ್ನು ಬಿಟ್ಟು ಅವಳ ಜೊತೆ ಹೊರಟುಹೋಗುತ್ತಾನೆ ಎಂದರು. ಆ ಕೊನೆಯ ಮಾತೇ ಸುಂದರಿಗೆ ಬೇಡವಾದದ್ದು.

ಮಧ್ಯಾಹ್ನ ಹೆಂಗಸೊಬ್ಬಳು ಬಂದು ಸೈಕಲಿನ ಪಕ್ಕ ನಿಂತಳು. "ಕಾಪುವಿನ ಸುಂದರಕ್ಕ ಅಲ್ವಾ? ನಾನು ಪರ್ಕಳದ ರೋಹಿಣಿ. ನೀವು ಇಲ್ಲಿ ಸಿಗ್ತೀರಿ ಅಂತ ನಿಮ್ಮ ಅಮ್ಮ ಹೇಳಿದ್ರು." ಸ್ವರ ತಗ್ಗಿತು. "ನನ್ನ ಮಗಳು ಮೂರು ವರ್ಷದವಳಿದ್ದಾಗ ಹೋದಳು. ಈಗ ಇಪ್ಪತ್ತೆರಡು ನಡೀತಾ ಉಂಟು. ಜಾತಿ ಒಂದೇ, ಕುಲದ ಬಳಿ ಬೇರೆ. ಕೂಡಿ ಬರ್ತದೆ."

ನಮ್ಮ ಕಡೆ ಸತ್ತ ಮಕ್ಕಳೂ ದೊಡ್ಡವರಾಗುತ್ತಾರೆ. ತಾಯಂದಿರು ಆ ಲೆಕ್ಕ ತಪ್ಪುವುದಿಲ್ಲ.

ರೋಹಿಣಿ ಸೈಕಲ್ ಮುಟ್ಟಿ ನೋಡಿದಳು. "ಇದು ಹುಡುಗನೇ ಮಾಡಿದ್ದಾ? ಚಂದ ಉಂಟು. ಗುಣ ಹೇಗೆ ಅವನದ್ದು?"

ಸುಂದರಿ ಪೆಡಲ್ ನಿಲ್ಲಿಸಿದಳು. "ಎಂತ ಗುಣ? ಕುಡೀತಾನೆ. ಕುಡಿದರೆ ಕೈ ಮಾಡ್ತಾನೆ. ನಿಮ್ಮ ಮಗಳನ್ನು ಕೊಡ್ಬೇಡಿ."

ರೋಹಿಣಿಯ ಮುಖ ಬಾಡಿತು. "ಛೇ! ಅಲ್ಲಿಯಾದರೂ ಅವಳು ಸುಖವಾಗಿರಲಿ ಅಂತ ಆಸೆ" ಎಂದಷ್ಟೇ ಹೇಳಿ ಹೊರಟುಹೋದಳು.

ಪೀಡೆ ತೊಲಗಿತು ಎಂದುಕೊಂಡು ಸುಂದರಿ ಪೆಡಲ್ ಮೆಟ್ಟಿದಳು. ಅದು ಅಲುಗಲಿಲ್ಲ. ಚೈನು ಸರಿ ಇತ್ತು, ಪಟ್ಟಿಯೂ ಸರಿ ಇತ್ತು. "ಎಂತ ಅಕ್ಕ, ಗಂಜಿ ಉಂಡು ಬರಲಿಲ್ವಾ?" ಎಂದು ಯಾರೋ ಗೇಲಿ ಮಾಡಿದರು. ಎದ್ದು ನಿಂತು ಮೈಭಾರವೆಲ್ಲ ಹಾಕಿದಳು. ಊಹೂಂ.

ಅವಳಿಗೆ ತಾನು ಆಡಿದ ಮಾತು ನೆನಪಾಯಿತು. ಹೆಂಡದ ಗಡಂಗಿನ ಮೆಟ್ಟಿಲು ತುಳಿಯದ ಹುಡುಗ, ಇರುವೆಗೂ ನೋವು ಮಾಡದವನು. ಸತ್ತವನು ಎದ್ದು ಬಂದು ಅಲ್ಲವೆನ್ನಲಾರ ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆನಲ್ಲ! "ಸಿಟ್ಟು ಬಂತಾ ಮಗಾ?" ಎಂದು ಹ್ಯಾಂಡಲ್ ಸವರಿದಳು. ಜನ ತುಂಬಿದ ಸಭಾಭವನದ ಸೆಕೆಯಲ್ಲೂ ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಅವಳಿಗೆ ಮೊದಲ ಸಲ ತಮ್ಮನ ಹೆದರಿಕೆಯಾಯಿತು. ಕೆಳಗಿಳಿದವಳೇ ಚಪ್ಪಲಿಯನ್ನೂ ಮೆಟ್ಟದೆ ಬಸ್ ನಿಲ್ದಾಣಕ್ಕೆ ಓಡಿದಳು. ರೋಹಿಣಿ ಅಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಳು.

"ಸುಳ್ಳು ಹೇಳಿದೆ ಅಕ್ಕಾ! ಅವನು ಚಿನ್ನದಂಥ ಹುಡುಗ. ಮದುವೆಯಾದ್ರೆ ಹೋಗಿಬಿಡ್ತಾನಲ್ಲ, ಅದಕ್ಕೆ..."

ರೋಹಿಣಿ ಬೈಯಲಿಲ್ಲ. "ನನಗೆ ಮಾತ್ರ ಮಗಳನ್ನು ಕಳಿಸ್ಲಿಕ್ಕೆ ಮನಸ್ಸುಂಟಾ? ಮೊನ್ನೆಯೂ ಬಂದು ಸೆರಗು ಎಳೆದಳು." ಬಸ್ಸು ಬಂತು. ಅವಳು ಹತ್ತಲಿಲ್ಲ, ಸುಂದರಿಯ ಕೈ ಹಿಡಿದಳು. "ನಮ್ಮವಳಿಗೆ ಕತ್ತಲೆ ಅಂದ್ರೆ ಭಾರೀ ಹೆದರಿಕೆ. ಕೈ ಹಿಡ್ಕೊಂಡೇ ಮಲಗುದು. ಅವನಿಗೆ ಸ್ವಲ್ಪ ಹೇಳಿ, ಆಯ್ತಾ?"

"ಹೇಳ್ತೇನೆ" ಎಂದಳು ಸುಂದರಿ. ಇನ್ನು ತಮ್ಮನಿಗೆ ಹೇಳಲು ಉಳಿದದ್ದು ಅದೊಂದೇ ಮಾತು ಎಂದು ಹೊಳೆದದ್ದೇ ತಡ, ಅಷ್ಟು ಜನರ ಎದುರೇ ಗಟ್ಟಿಯಾಗಿ ಅಳತೊಡಗಿದಳು.