ತಾತ್ಕಾಲಿಕವಾಗಿ ಮರವಿಲ್ಲದ ಕಾಡು

ರಾಷ್ಟ್ರೀಯ ಅರಣ್ಯ ನಿಗಾ ಕೇಂದ್ರದ ಮೂರನೆಯ ಮಹಡಿಯಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಪರದೆ. ಹೊರಗಿನ ಬೆಳಕು ಒಳಗೆ ಬಂದರೆ ಕಂಪ್ಯೂಟರಿನಲ್ಲಿ ಕಾಡು ಕಾಣುವುದಿಲ್ಲವಂತೆ. ಅಂಗಳದಲ್ಲಿದ್ದ ಒಂದೇ ಒಂದು ಮರವನ್ನು ಹೋದ ವರ್ಷ ಕಡಿಸಿಯಾಗಿತ್ತು. ನಿರ್ದೇಶಕರ ಕಾರಿಗೆ ನೆರಳು ಬೇಕೆಂದು ತಗಡಿನ ಚಪ್ಪರ ಹಾಕಲು ಹೊರಟಾಗ ಆ ಮರ ಅಡ್ಡ ಬಂದಿತ್ತು. ಹೀಗೆ ದೇಶದ ಕಾಡನ್ನು ಹಗಲಿರುಳು ಕಾಯುತ್ತಿದ್ದ ಪುಣ್ಯಾತ್ಮರ ನಡುವೆ ಅವಳೂ ಒಬ್ಬಳು.

ಕಚೇರಿಯಲ್ಲಿ ಅವಳನ್ನು ಪಿಸುಪಿಸು ಎಂದು ಕರೆಯುತ್ತಿದ್ದರು. ಅವಳಾಡಿದ ಮಾತು ಪಕ್ಕದ ಕುರ್ಚಿಯವರೆಗೂ ತಲುಪುತ್ತಿರಲಿಲ್ಲ. ಉಪಗ್ರಹ ಕಳಿಸಿದ ಚಿತ್ರಗಳನ್ನು ಚೌಕ ಚೌಕವಾಗಿ ನೋಡಿ, ಇದು ಕಾಡು, ಇದು ಹೊಲ, ಇದು ನೀರು, ಇದು ಊರು ಎಂದು ಗುರುತು ಹಾಕುವುದು ಅವಳ ಕೆಲಸ. ನೋಡುವುದರಲ್ಲಿ ಗಟ್ಟಿಗಿತ್ತಿ. ಕಂಡದ್ದನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಮಾತ್ರ ಕಿವಿ ಕೆಂಪಾಗಿ, ನಾಲಿಗೆ ಒಣಗಿ, ಹೇಳಬೇಕಾದದ್ದೆಲ್ಲ ಹೊಟ್ಟೆಯೊಳಗೇ ಉಳಿದುಬಿಡುತ್ತಿತ್ತು. ಹಾಗೆ ಒಳಗುಳಿದದ್ದು ಮೆದುವಾಗಿಯೇನೂ ಇರುತ್ತಿರಲಿಲ್ಲ.

ವಿಭಾಗದ ಮುಖ್ಯಸ್ಥರು ಅವಳ ಸೋದರಮಾವ. ಎದುರಿಗೆ ಸಾರ್, ಬೆನ್ನ ಹಿಂದೆ ಮೋಡಪ್ಪ. ಚಿತ್ರದಲ್ಲಿ ಮೋಡ ಮುಚ್ಚಿದ ಜಾಗಕ್ಕೆ 'ಮೋಡ' ಎಂದು ಬಿಳಿ ಬಳಿದು ಮುಂದೆ ಹೋಗಬಹುದು, ಅಲ್ಲಿ ಏನಿತ್ತೆಂದು ಯಾರೂ ಕೇಳುವ ಹಾಗಿಲ್ಲ. ಈ ಒಂದು ಅನುಕೂಲದ ಮೇಲೆ ಮಾವ ತಮ್ಮ ಇಡೀ ಬಾಳ್ವೆಯನ್ನು ಕಟ್ಟಿಕೊಂಡಿದ್ದರು. ಕಲ್ಲುಗಣಿಯ ಗುಂಡಿ ಅಗಲವಾಗಿದೆಯೆ? ಮೋಡ ಹಾಕಿ. ನದಿಯಂಚಿನ ತೋಪು ಕಾಣೆಯಾಗಿದೆಯೆ? ಮೋಡ ಹಾಕಿ. ಹೊರಗೆ ಬಿಸಿಲಿಗೆ ರಸ್ತೆಯ ಡಾಂಬರು ಕರಗುತ್ತಿದ್ದರೂ ಮಾವನ ನಕಾಶೆಯಲ್ಲಿ ವರ್ಷವಿಡೀ ಮಳೆಗಾಲ.

ಅವಳು ಇದ್ದದ್ದು ಮಾವನ ಮನೆಯಲ್ಲೇ, ನಡುಮನೆಯ ಸೋಫಾದ ಮೇಲೆ. ಟೀವಿ ಆರಿದ ಮೇಲೆ ಅವಳ ಹಾಸಿಗೆ. ಅದಕ್ಕೂ ಮುಂಚೆ ಅಣ್ಣನ ಮನೆಯಲ್ಲಿ ಅತ್ತಿಗೆಯ ಮಕ್ಕಳ ಕಾಲುಗಳ ನಡುವೆ ಮಲಗಿದ್ದಳು. ಅವಳದು ತಾತ್ಕಾಲಿಕ ಹುದ್ದೆ, ತಿಂಗಳ ಕೊನೆಗೆ ಅವಧಿ ಮುಗಿಯುತ್ತಿತ್ತು. ಕಾಯಂ ಆದರೆ ಸಿಬ್ಬಂದಿ ವಸತಿಯಲ್ಲಿ ಒಂದು ಕೋಣೆ ಸಿಗುತ್ತದೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಅವಳ ವಯಸ್ಸಿನವರ ಕನಸಿನಲ್ಲಿ ಗಂಡು ಬರುತ್ತಾನಂತೆ. ಅವಳ ಕನಸಿನಲ್ಲಿ ಚಿಲಕ ಬರುತ್ತಿತ್ತು. ಅದು ಅವಳ ಕೈಗೆ ಸಿಗಬೇಕಾದರೆ ಮಾವ ಒಂದು ಮಾತು ಬರೆಯಬೇಕು.

ಹೀಗಿರುವಾಗ ಜಲಾಶಯದ ಮೇಲಿನ ಇಳಿಜಾರು ಅವಳ ಪಾಲಿಗೆ ಬಂತು. ಅದು ಕಾಯ್ದಿಟ್ಟ ಕಾಡು. ಹೋದ ವರ್ಷದ ಚಿತ್ರದಲ್ಲಿ ಕಂಬಳಿ ಹೊದ್ದ ಹಾಗೆ ದಟ್ಟವಾಗಿದ್ದದ್ದು ಈ ವರ್ಷ ತಲೆ ಬೋಳಿಸಿಕೊಂಡು ಕೂತಿತ್ತು. ನಡುವೆ ಹೊಸ ರಸ್ತೆ, ಅದರ ಎರಡೂ ಬದಿ ಅಡಿಪಾಯದ ಚೌಕಗಳು. ದೊಡ್ಡವರ ವಿಶ್ರಾಂತಿಗೃಹಗಳಂತೆ. ಕಾಯ್ದಿಟ್ಟ ಕಾಡಿನಲ್ಲಿ ಒಂದು ಕಡ್ಡಿಯೂ ಅಲುಗಿಲ್ಲ ಎಂದು ಈ ಸಲದ ವರದಿ ಹೇಳಬೇಕಿತ್ತು. ಹೇಳಿದರೆ ಮಾವನಿಗೆ ನಿರ್ದೇಶಕರ ಕುರ್ಚಿ ಖಾತ್ರಿ.

ರಾತ್ರಿ ಊಟಕ್ಕೆ ಕೂತಾಗ ಮಾವ ಶುರುಮಾಡಿದರು.

"ಒಂದು ಮೋಡ ಕಣೇ. ಅದಕ್ಕೇನು ತೂಕ ಇದ್ಯಾ, ಎತ್ತಿಡೋಕೆ?"

"ಅಲ್ಲಿ ಮೋಡ ಇಲ್ಲ ಮಾವ," ಎಂದಳು ತಟ್ಟೆಗೆ.

"ಏನಂದೆ?"

"ಏನಿಲ್ಲ."

ಅತ್ತೆ ಸೌಟು ಹಿಡಿದು ನಿಂತಿದ್ದರು. "ನಿಮ್ಮಾವ ಹೇಳಿದ ಹಾಗೆ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ? ಅವರು ಮೇಲೆ ಹೋದ್ರೆ ತಾನೆ ನೀನೂ ಕಾಯಂ ಆಗೋದು? ನಮ್ಮ ಸೋಫಾಗೂ ಒಂದಿಷ್ಟು ಬಿಡುವು ಸಿಗ್ಲಿ."

ಅವಳು ಅನ್ನ ಕಲಸುತ್ತಲೇ ಇದ್ದಳು. ಮರುದಿನವೂ ಮೋಡ ಹಾಕಲಿಲ್ಲ, ಅದರ ಮರುದಿನವೂ ಹಾಕಲಿಲ್ಲ. ಹಾಕುವುದಿಲ್ಲ ಎಂದು ಹೇಳುವ ಧೈರ್ಯವಿರಲಿಲ್ಲ, ಬರೀ ಹಾಕಲಿಲ್ಲ ಅಷ್ಟೇ. ಕೊನೆಗೆ ಪರಿಶೀಲನಾ ಸಭೆಯ ಹಿಂದಿನ ಸಂಜೆ ಮಾವನೇ ಬಂದು, "ಏಳು ಅತ್ಲಾಗೆ," ಎಂದು ಅವಳ ಕುರ್ಚಿಯಲ್ಲಿ ಕೂತು ಮೌಸು ಹಿಡಿದರು.

ತೆರೆದಿದ್ದದ್ದು ರಾಡಾರ್ ಚಿತ್ರ. ಮಾಮೂಲಿ ಉಪಗ್ರಹ ಕ್ಯಾಮೆರಾದ ಹಾಗೆ ಬೆಳಕಿನಲ್ಲಿ ಫೋಟೋ ತೆಗೆಯುತ್ತದೆ, ಮೋಡ ಬಂದರೆ ಕುರುಡು. ರಾಡಾರ್ ಹಾಗಲ್ಲ. ಅದು ತಾನೇ ಅಲೆಗಳನ್ನು ಕಳಿಸಿ, ನೆಲಕ್ಕೆ ಬಡಿದು ವಾಪಸು ಬಂದದ್ದನ್ನು ಅಳೆಯುತ್ತದೆ. ಅದಕ್ಕೆ ಕತ್ತಲೂ ಲೆಕ್ಕವಿಲ್ಲ, ಮೋಡವೂ ಲೆಕ್ಕವಿಲ್ಲ. ಮೋಡದ ಕಾಟವೇ ಬೇಡವೆಂದು ಈ ವರ್ಷ ಅದನ್ನು ತರಿಸಿದ್ದರು. ತರಿಸಿದ ಕಡತಕ್ಕೆ ಒಪ್ಪಿಗೆ ಕೊಟ್ಟವರು ಇದೇ ಮಾವ.

ಆ ಚಿತ್ರದ ಮೇಲೆ ಅವರು ನಾಲಿಗೆ ಹೊರಚಾಚಿ, ಮಕ್ಕಳು ಬಿಡಿಸುವ ಹಾಗೆ ಗುಂಡು ಗುಂಡಾಗಿ ಒಂದು ಮೋಡ ಬಿಡಿಸತೊಡಗಿದರು.

"ಮಾವ, ಇದು—"

"ಬಾಯಿ ಮುಚ್ಕೊಂಡು ಕೂತ್ಕೋ. ಇಪ್ಪತ್ತು ವರ್ಷದಿಂದ ಮೋಡ ಹಾಕಿದೀನಿ, ನೀನು ಹೇಳಿಕೊಡ್ತೀಯಾ?"

ಅವಳು ಬಾಯಿ ಮುಚ್ಚಿಕೊಂಡು ಕೂತಳು. ಅಷ್ಟು ಸಂತೋಷದಿಂದ ಅವಳು ಹಿಂದೆಂದೂ ಬಾಯಿ ಮುಚ್ಚಿಕೊಂಡಿರಲಿಲ್ಲ.

ಸಭೆಗೆ ಹೊರಗಿನಿಂದ ಬಂದ ಪರಿಶೀಲಕಿಗೆ ವಯಸ್ಸಾಗಿತ್ತು, ಜೊತೆಗೆ ಜೋರು ನೆಗಡಿ. ಮೂಗೊರೆಸಿಕೊಳ್ಳುತ್ತಲೇ ಒಂದೊಂದು ಚಿತ್ರ ಮುಂದಕ್ಕೆ ತಳ್ಳುತ್ತಿದ್ದರು. ಇಳಿಜಾರು ಬಂದಾಗ ಕೈ ನಿಂತಿತು.

"ಇದೇನ್ರೀ, ಬಿಳಿ?"

"ಮೋಡ ಮೇಡಂ," ಎಂದರು ಮಾವ.

"ರಾಡಾರ್‌ನಲ್ಲಿ?"

"ದಟ್ಟ ಮೋಡ ಮೇಡಂ."

"ಕಬ್ಬಿಣದ್ದಾ?"

ಮಾವನ ಮುಖದಲ್ಲಿ ಏನಾಯಿತೆಂಬುದು ನಿಧಾನವಾಗಿ ಮೂಡಿತು, ಹಳೆಯ ಟ್ಯೂಬ್‌ಲೈಟು ಹೊತ್ತಿಕೊಳ್ಳುವ ಹಾಗೆ. ಹೊತ್ತಿಕೊಂಡ ಕೂಡಲೇ ಬೆರಳು ಅವಳತ್ತ ತಿರುಗಿತು. "ಹೊಸ ಹುಡುಗಿ ಮೇಡಂ. ಗೊತ್ತಾಗಲ್ಲ ಪಾಪ. ನಾನೇ ತಿದ್ದಿಸ್ತೀನಿ."

ಎಲ್ಲರೂ ಅವಳನ್ನು ನೋಡಿದರು. ಅವಳು ಮೇಜಿನ ಅಂಚನ್ನು ನೋಡಿದಳು.

ಪರಿಶೀಲಕಿ ಮೋಡವನ್ನು ಅಳಿಸಿದರು. ಇಳಿಜಾರು ಬತ್ತಲೆ ನಿಂತಿತು. ಆಗ ಸಂಸ್ಥೆಯ ಮಾನ ಕಾಪಾಡಲು ಎದ್ದವನು ಬೋಳಣ್ಣ. ಗುರುತು ಹಾಕುವ ಮೂವರಲ್ಲಿ ಅವನೇ ಹಿರಿಯ. ನಿಯಮಾವಳಿ ಅವನಿಗೆ ಬಾಯಿಪಾಠ, ಮರಗಳ ಪರಿಚಯ ಅಷ್ಟಕ್ಕಷ್ಟೇ.

"ಮೇಡಂ, ವ್ಯಾಖ್ಯೆ ಪ್ರಕಾರ ಮರ ಕಡಿದ್ರೂ, ಮತ್ತೆ ಬೆಳೆಯೋ ನಿರೀಕ್ಷೆ ಇದ್ರೆ ಅದು ಕಾಡೇ. ಇದನ್ನ 'ತಾತ್ಕಾಲಿಕವಾಗಿ ಮರವಿಲ್ಲದ ಕಾಡು' ಅಂತ ಹಾಕಬಹುದು."

"ಅಡಿಪಾಯದ ಮೇಲೆ ಮರ ಬೆಳೀತಾವಾ?"

ಬೋಳಣ್ಣ ತಡವರಿಸಲಿಲ್ಲ. "ಅಡಿಪಾಯಾನೂ ತಾತ್ಕಾಲಿಕ ಇರಬಹುದು ಮೇಡಂ."

ಮಾವನ ಮುಖ ಅರಳಿತು. ಆಹಾ, ಎಂಥ ಮಾತು! ಮೋಡವಾದರೂ ಮುಚ್ಚುತ್ತದೆ, ಇದಾದರೋ ತೆರೆದಿಟ್ಟೇ ಮಾಯ ಮಾಡುತ್ತದೆ. ಪರಿಶೀಲಕಿ ಸೀನಿದರು. "ನಿಮ್ಮ ನಿಯಮದ ಹಾಗೇ ಹೋಗೋಣ. ಮೂವರೂ ಒಪ್ಪಿದ್ರೆ ಆಯ್ತು, ನಾನು ಸಹಿ ಹಾಕ್ತೀನಿ. ಒಬ್ಬರು ಒಪ್ಪದಿದ್ರೂ ಜಾಗಕ್ಕೆ ಹೋಗಿ ನೋಡಬೇಕು."

ಬೋಳಣ್ಣ ಕೈ ಎತ್ತಿದ. ಎರಡನೆಯವಳು ಹೂಂಗುಟ್ಟಮ್ಮ, ಅವಳನ್ನು ಕೇಳುವುದೇ ದಂಡ. "ಹೂಂ," ಎಂದಳು.

ಇನ್ನು ಉಳಿದವಳು ಪಿಸುಪಿಸು. ಮಾವ ಅವಳ ಕಿವಿಯ ಹತ್ತಿರ ಬಾಗಿದರು. "ನಿನ್ನ ಕಾಯಂ ಪತ್ರ ಸಹಿಗೆ ಸಿದ್ಧವಾಗಿದೆ ಪುಟ್ಟಿ. ಬಾಯಿ ಬಿಡೋದೂ ಬೇಡ, ಕೈ ಎತ್ತು ಸಾಕು."

ಎಷ್ಟು ಸುಲಭ! ಜೀವಮಾನವಿಡೀ ಮಾತಾಡಲು ಹೆದರಿದವಳಿಗೆ ಮಾತೇ ಬೇಡದ ದಾರಿ. ಅವಳು ಬಲಗೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡಳು. ಇಷ್ಟು ದಿನ ತನ್ನ ನಾಚಿಕೆಯನ್ನು ಇವರೆಲ್ಲ ಒಪ್ಪಿಗೆಯ ಖಾತೆಗೆ ಬರೆದುಕೊಳ್ಳುತ್ತ ಬಂದಿದ್ದಾರೆ ಎನ್ನಿಸಿದ ಕೂಡಲೇ ಅವಳು ತಲೆ ಎತ್ತಿದಳು.

"ಒಪ್ಪಲ್ಲ."

ಸಭೆಯೆಲ್ಲ ಕೇಳುವಷ್ಟು ಗಟ್ಟಿಯಾಗಿ ಬಂತು ದನಿ. ಅದಕ್ಕೆ ಅವಳೇ ಬೆಚ್ಚಿದಳು. ಬಿಕ್ಕಳಿಕೆ ಶುರುವಾಯಿತು. ಬಿಕ್ಕಳಿಸುತ್ತಲೇ ಹೇಳಿದಳು: "ಮೋಡ ಹಾಕಿದ್ದು ನಾನಲ್ಲ. ಅಲ್ಲಿ ಕಾಡಿಲ್ಲ. ಕಡಿದಿದ್ದಾರೆ."

ಹೂಂಗುಟ್ಟಮ್ಮ ಅಭ್ಯಾಸಬಲದಿಂದ ಇದಕ್ಕೂ "ಹೂಂ" ಎಂದಳು.

ಮರುದಿನ ಜೀಪು ಹೊರಟಿತು. ಕೇಂದ್ರ ಶುರುವಾದಂದಿನಿಂದ ಯಾರೂ ಹೀಗೆ ಹೋಗಿರಲಿಲ್ಲ. ಹೂಂಗುಟ್ಟಮ್ಮನ ಕಾಲಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ. ಕಾಡಿಗೆ ಹೋಗುವಾಗ ಏನು ಹಾಕಿಕೊಳ್ಳಬೇಕೆಂದು ಅರಣ್ಯ ನಿಗಾ ಕೇಂದ್ರದಲ್ಲಿ ಕೇಳಲು ಯಾರಿದ್ದರು? ಇಳಿಜಾರಿನಲ್ಲಿ ಕಣ್ಣು ಹರಿದಷ್ಟು ದೂರ ಕಡಿದ ಮರಗಳ ಬುಡಗಳು, ಕೆಂಪು ಧೂಳು, ಗಡಗಡ ತಿರುಗುವ ಸಿಮೆಂಟಿನ ಯಂತ್ರ. ಹೆಲ್ಮೆಟ್ಟಿನವನೊಬ್ಬ ಓಡಿ ಬಂದ.

"ಬನ್ನಿ ಸಾರ್, ನೋಡೋಕೆ ಬಂದ್ರಾ? ಮಾದರಿ ಮನೆ ಆ ಕಡೆ. ಡ್ಯಾಮಿನ ನೀರು ಕಾಣೋ ಮನೆಗಳೆಲ್ಲ ಮಾರಾಟ ಆಗ್ಬಿಟ್ವು."

ಬೋಳಣ್ಣ ನಿಜಕ್ಕೂ ಮಾದರಿ ಮನೆ ನೋಡಲು ಹೋದ. ಹೂಂಗುಟ್ಟಮ್ಮ ಕುಂಟುತ್ತ ಅವನ ಹಿಂದೆ ನಡೆದಳು. ಪರಿಶೀಲಕಿ ಜೀಪಿಗೊರಗಿ ನಿಂತು ಮೂಗೊರೆಸಿಕೊಂಡರು. ಮಾವ ಕೊಡೆಯ ಕೆಳಗೆ ನಿಂತಿದ್ದರು. ಆಕಾಶದಲ್ಲಿ ಹತ್ತಿಯ ಎಳೆಯಷ್ಟು ಮೋಡವೂ ಇರಲಿಲ್ಲ.

"ಸಮಾಧಾನ ಆಯ್ತಾ?" ಎಂದರು.

"ಇಲ್ಲ ಮಾವ," ಎಂದಳು ಅವಳು. ನಿಜವನ್ನೇ ಹೇಳಿದಳು. ಗೆದ್ದ ಹಾಗೇನೂ ಅನ್ನಿಸಲಿಲ್ಲ. ಇಷ್ಟು ದೊಡ್ಡ ಬುಡಗಳಿರುತ್ತವೆಂದು ಚಿತ್ರದಲ್ಲಿ ತಿಳಿದಿರಲಿಲ್ಲ.

ಟ್ಯಾಬ್ಲೆಟ್ಟಿನಲ್ಲಿ 'ಕಾಡು ನಷ್ಟ' ಎಂದು ಗುರುತು ಹಾಕಿದಳು. ನೆಟ್‌ವರ್ಕ್ ಸಿಗಲಿಲ್ಲ. ಅಗಲವಾದ ಬುಡವೊಂದನ್ನು ಹತ್ತಿ ನಿಂತು ತೋಳೆತ್ತಿ ಟ್ಯಾಬ್ಲೆಟ್ಟನ್ನು ಹಿಡಿದಳು. ಪರದೆಯ ಮೇಲಿನ ಚಕ್ರ ಸ್ವಲ್ಪ ಹೊತ್ತು ಸುತ್ತಿ ಸುತ್ತಿ, ಕೊನೆಗೆ ಗುರುತು ರವಾನೆಯಾಯಿತು. ಪರಿಶೀಲಕಿ ತಮ್ಮ ಟ್ಯಾಬ್ಲೆಟ್ಟಿನಲ್ಲಿ ಅದನ್ನು ಕಂಡು ಅಲ್ಲಿಯೇ ಸಹಿ ಹಾಕಿದರು.

ಮಾವ ಕೊಡೆ ಮಡಚಿದರು. "ತಿಂಗಳ ಕೊನೆಗೆ ನಿಮ್ಮಣ್ಣಂಗೆ ಫೋನ್ ಮಾಡ್ತೀನಿ. ಬಂದು ಕರ್ಕೊಂಡು ಹೋಗ್ಲಿ."

"ಬೇಡ ಮಾವ," ಎಂದಳು, ಬುಡದ ಮೇಲಿಂದ ಇಳಿಯುತ್ತ. "ಬಸ್ಸಿದೆ. ನಾನೇ ಹೋಗ್ತೀನಿ."